ಅತ್ತೆಗೆ ಓಡಲಾಗದು, ಮನೆ ಅಲ್ಲಾಡಬಾರದು

ಹೇಳದೆ ಕೇಳದೆ ಕೆಲವರ ಮನೆಗೆ ನೆಂಟರು ಬರುತ್ತಾರೆ. ನಮ್ಮ ಮನೆಗೆ ನಗೆಪಾಟಲು ಬರುತ್ತದೆ. ನಮ್ಮವರು ಭೂಕಂಪಕ್ಕೆ ಮನೆ ಸಿದ್ಧ ಮಾಡುತ್ತೇನೆಂದು ಹೊರಟ ಮೇಲಂತೂ ಅದು ಇಲ್ಲೇ ಠಿಕಾಣಿ ಹೂಡಿದೆ. ನಮ್ಮವರನ್ನು ಹಾಸ್ಯ ಮಾಡುವ ಹಕ್ಕು ಇಡೀ ಅಹಮದಾಬಾದಿನಲ್ಲಿ ನನಗೊಬ್ಬಳಿಗೇ ಇರುವುದರಿಂದ ನಾನೇ ಬರೆಯುತ್ತಿದ್ದೇನೆ. ಬೇರೆಯವರು ನಕ್ಕರೆ ನನಗೆ ಸಿಟ್ಟು ಬರುತ್ತದೆ.

ಅವರ ಕೆಲಸವೇನೆಂದು ಮೊದಲು ಹೇಳಿಬಿಡಬೇಕು. ಇಲ್ಲಿನ ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿ ವಿಜ್ಞಾನಿ. ಉಪಗ್ರಹದೊಳಗೆ ಕೂರುವ ಯಂತ್ರದ ಪೆಟ್ಟಿಗೆಗಳನ್ನು ಒಂದು ಮೇಜಿಗೆ ಬಿಗಿದು, ಆ ಮೇಜನ್ನು ಗಡಗಡ ಅಲ್ಲಾಡಿಸಿ, ಯಾವ ತಿರುಪು ಸಡಿಲವಾಯಿತೆಂದು ನೋಡುವುದು ಅವರ ವಿಭಾಗದ ಕೆಲಸ. ರಾಕೆಟ್ಟಿನ ಅಬ್ಬರಕ್ಕೆ ಪೆಟ್ಟಿಗೆ ತಡೆಯುತ್ತದೋ ಇಲ್ಲವೋ ಹೀಗೆ ಗೊತ್ತಾಗುತ್ತದಂತೆ. ಮದುವೆಯಾದ ಹೊಸದರಲ್ಲಿ ನಮ್ಮ ತಂದೆ, "ಅಳಿಯಂದಿರು ಅಲ್ಲಿ ಏನು ಕೆಲಸ ಮಾಡ್ತಾರಮ್ಮ?" ಎಂದು ಕೇಳಿದ್ದರು. "ಅಲ್ಲಾಡ್ಸಿ ನೋಡ್ತಾರಪ್ಪ" ಎಂದೆ. ಅಪ್ಪ, "ಹಾಗಿದ್ರೆ ಬಂದಾಗ ಹಿತ್ತಲ ತೆಂಗಿನ ಮರಾನೂ ಒಂದ್ಸಲ ಅಲ್ಲಾಡ್ಸಲಿ. ಕಾಯಿ ಕೀಳೋರೇ ಸಿಗ್ತಿಲ್ಲ" ಎಂದರು.

ಬೀರುವಿನ ಬೋಲ್ಟು

ಎರಡು ವರ್ಷದ ಹಿಂದೆ ನಮ್ಮತ್ತೆ ಮೈಸೂರಿನಿಂದ ನಮ್ಮಲ್ಲೇ ಇರಲು ಬಂದರು. ಕಣ್ಣು ಚುರುಕು, ಕಿವಿ ಚುರುಕು, ಬಾಯಿಯ ವಿಷಯ ಕೇಳಲೇಬೇಡಿ. ಮಂಡಿ ಮಾತ್ರ ಮುಷ್ಕರ ಹೂಡಿತ್ತು. ನಾವಿರುವುದು ಆರನೇ ಮಹಡಿ.

ಅತ್ತೆ ಬಂದ ಮರುದಿನವೇ ನಮ್ಮವರು ಅವರ ಕೋಣೆಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಮಂಚದ ಪಕ್ಕ ಆಳೆತ್ತರದ ಕಬ್ಬಿಣದ ಬೀರು, ಅದರ ತಲೆಯ ಮೇಲೆ ಸೂಟ್‌ಕೇಸು, ಸೂಟ್‌ಕೇಸಿನ ಮೇಲೆ ನನ್ನ ತವರಿನ ಹಿತ್ತಾಳೆ ಕೊಳಗ. ಏನು ನೋಡುತ್ತಿದ್ದೀರಿ ಎಂದು ಕೇಳಿದೆ.

"ಅವತ್ತು ಊರು ನಡುಗಿದಾಗ ನಾವು ಮಗೂನ ಎತ್ಕೊಂಡು ಮೆಟ್ಟಿಲಿಳಿದು ಓಡಿದ್ವಿ, ನೆನಪಿದ್ಯಾ?" ಎಂದರು. ನೆನಪಿಲ್ಲದೆ ಏನು. 2001ರ ಆ ಗಣರಾಜ್ಯೋತ್ಸವದ ಬೆಳಿಗ್ಗೆಯ ಭೂಕಂಪವನ್ನು ಈ ಊರಲ್ಲಿದ್ದ ಯಾರೂ ಮರೆತಿಲ್ಲ. "ಅಮ್ಮಂಗೆ ಓಡಕ್ಕಾಗಲ್ಲ. ಹಾಗಿದ್ಮೇಲೆ ಮನೇನೇ ಅಲ್ಲಾಡದೆ ನಿಂತ್ಕೋಬೇಕು."

ಅವರು ಹೆಚ್ಚು ಮಾತಿನವರಲ್ಲ. ಅಷ್ಟು ಹೇಳಿ ಬೀರುವಿನ ಅಳತೆ ತೆಗೆಯತೊಡಗಿದರು. ನನ್ನ ಕೊಳಗವನ್ನು ನಾನೇ ಕೆಳಗಿಳಿಸಿ ಅಡುಗೆಮನೆಯ ನೆಲದ ಮೇಲಿಟ್ಟೆ.

ಭಾನುವಾರ ಬೀರುವನ್ನು ಗೋಡೆಗೆ ಬಿಗಿಯುವ ಕಾರ್ಯಕ್ರಮ. ಉಪಗ್ರಹಕ್ಕೆ ಹೊಂದುವಂಥ ಉದ್ದನೆಯ ಬೋಲ್ಟು ತಂದಿದ್ದರು. ನಮ್ಮ ಗೋಡೆ ಉಪಗ್ರಹದ್ದಲ್ಲ, ಬಿಲ್ಡರನದ್ದು, ಒಂದು ಗೇಣೂ ದಪ್ಪವಿಲ್ಲ. ಡ್ರಿಲ್ಲಿನ ಸದ್ದು ನಿಂತ ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಮನೆಯ ಗುಜರಾತಿ ಬೇನ್ (ಇಲ್ಲಿ ಅಕ್ಕನಿಗೆ ಹಾಗೆನ್ನುತ್ತಾರೆ), ಕೈಯಲ್ಲಿ ಸೌಟು. ಹಿಂದಿಗೆ ಗುಜರಾತಿ ಬೆರೆಸಿ ತಣ್ಣಗೆ ಹೇಳಿದರು: "ಭಾಯಿ, ನಿಮ್ಮ ರಾಕೆಟ್ ನಮ್ಮ ಅಡುಗೆಮನೆಗೆ ಬಂದು ಇಳಿದಿದೆ."

ಹೋಗಿ ನೋಡಿದರೆ ಅವರ ಒಲೆಯ ಪಕ್ಕದ ಗೋಡೆಯಿಂದ ನಮ್ಮ ಬೋಲ್ಟು ಬೆರಳುದ್ದ ಹೊರಗೆ ಬಂದಿದೆ. ನಮ್ಮವರು ನಾಚಿ ನೀರಾಗಿ, ಇವತ್ತೇ ಕತ್ತರಿಸಿ ಗಾರೆ ಹಾಕಿಸಿಕೊಡುತ್ತೇನೆ ಎಂದರು. ಬೇನ್ ಬೋಲ್ಟನ್ನು ಹಿಡಿದು ಎಳೆದರು, ಒತ್ತಿದರು. ಅದು ಜಪ್ಪಯ್ಯ ಅನ್ನಲಿಲ್ಲ. "ರಹೇವಾ ದೋ, ಇರಲಿ ಬಿಡಿ" ಎಂದು ಟೀ ಸೋಸುವ ಜಾಲರಿಯನ್ನು ಅದಕ್ಕೇ ನೇತುಹಾಕಿದರು. ನಮ್ಮವರು ಅವರ ಕಡೆಯಿಂದಲೂ ಒಂದು ನಟ್ಟು ಹಾಕಿ ಬಿಗಿದು ಬಂದರು. ಹಾಗಾಗಿ ನಮ್ಮತ್ತೆಯ ಬೀರುವನ್ನು ಈಗ ಎರಡು ಮನೆಯವರು ಹಿಡಿದುಕೊಂಡಿದ್ದಾರೆ.

ಒಂದು ವಾರ ಕಳೆದಿರಲಿಲ್ಲ, ಬೇನ್ ಮತ್ತೆ ಬಂದರು. "ಭಾಯಿ, ನಿಮ್ಮ ಇನ್ನೊಂದು ಬೀರು ಯಾವಾಗ ಬಿಗಿಯುತ್ತೀರಿ? ತವಾ ನೇತುಹಾಕುವುದಕ್ಕೆ ಜಾಗ ಇಲ್ಲ."

ಸೂರತ್ತಿನ ಮೇಜು

ನನ್ನ ತಮ್ಮ ಬ್ಯಾಂಕಿನವನು. ವರ್ಗವಾಗಿ ಸೂರತ್ತಿಗೆ ಬಂದ. ಹನ್ನೊಂದನೇ ಮಹಡಿಯಲ್ಲಿ ಬಾಡಿಗೆ ಮನೆ, ಕಿಟಕಿ ತೆರೆದರೆ ತಾಪಿ ನದಿ. ನೋಡಲು ಹೋದೆವು. ಯಾರ ಮನೆಗೆ ಹೋದರೂ ನಮ್ಮವರು ಕೂರುವ ಮೊದಲು ಅಲ್ಲಿನ ಸಾಮಾನುಗಳನ್ನು ಒಂದು ಸಲ ಅಲ್ಲಾಡಿಸಿ ನೋಡುತ್ತಾರೆ. ವಡೋದರಾದಲ್ಲಿ ನಮ್ಮ ಮಗಳನ್ನು ಕೊಡುವ ಮನೆ ನೋಡಲು ಹೋದಾಗಲೂ ಅಷ್ಟೇ, ಹುಡುಗನ ಸಂಬಳ ಕೇಳುವ ಮೊದಲು ಶೋಕೇಸು ಅಲ್ಲಾಡಿಸಿದ್ದರು. ಅದು ಅಲ್ಲಾಡಲಿಲ್ಲ, ಸಂಬಂಧ ಕುದುರಿತು.

ತಮ್ಮನಿಗೆ ಭಾವನ ಸ್ವಭಾವ ಗೊತ್ತು. ಪರೀಕ್ಷೆಗೆ ಕೂರುವ ಹುಡುಗನಂತೆ ತಯಾರಾಗಿದ್ದ. ಕಪಾಟು ಗೋಡೆಗೆ ಬಿಗಿದಿದೆ. ಮಂಚದ ಕೆಳಗೆ ಎಲ್ಲರ ಚಪ್ಪಲಿ, ಟಾರ್ಚು. ಗ್ಯಾಸ್ ಆರಿಸುವುದು ಮಕ್ಕಳಿಗೂ ಗೊತ್ತು. ಮಂಚದ ತಲೆಯ ಮೇಲೆ ಒಂದು ಫೋಟೋ ಕೂಡ ಇಲ್ಲ. ನಮ್ಮವರು ಒಂದೊಂದನ್ನೂ ಅಲ್ಲಾಡಿಸುತ್ತಾ ಹೋದ ಹಾಗೆ ಅವರ ಮುಖ ಅರಳುತ್ತಾ ಹೋಯಿತು. ನನಗೂ ಒಳಗೊಳಗೇ ಜಂಬ. ಎಷ್ಟಾದರೂ ನನ್ನ ತಮ್ಮ.

"ಭೇಷ್ ಕಣಯ್ಯ. ನೆಲ ನಡುಗಿದ್ರೆ ಎಲ್ಲಿ ಅವಿತ್ಕೋತೀರಿ?"

"ಊಟದ ಮೇಜಿನ ಕೆಳಗೆ, ಭಾವ. ವಾರಕ್ಕೊಂದ್ಸಲ ನಾಲ್ಕೂ ಜನ ಪ್ರಾಕ್ಟೀಸ್ ಮಾಡ್ತೀವಿ" ಎಂದು ತಮ್ಮ ನಮ್ಮನ್ನು ಊಟದ ಕೋಣೆಗೆ ಕರೆದೊಯ್ದ.

ಮೇಜು ಗಾಜಿನದು. ಫಳಫಳ ಹೊಳೆಯುತ್ತಿತ್ತು. ನಮ್ಮವರು ಅದನ್ನು ಮಾತ್ರ ಅಲ್ಲಾಡಿಸಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ನಿಧಾನವಾಗಿ, "ಇದು ಗಾಜಲ್ವೇನಯ್ಯ?" ಎಂದರು.

"ಹೌದು ಭಾವ, ಅದಕ್ಕೇ ತಗೊಂಡಿದ್ದು. ಕೆಳಗೆ ಕೂತ್ಕೊಂಡ್ರೆ ಫ್ಯಾನು ಅಲ್ಲಾಡೋದು ನಿಲ್ತೋ ಇಲ್ವೋ ಅಂತ ಅಲ್ಲಿಂದ್ಲೇ ಕಾಣತ್ತೆ."

ಕೆಂಪು ಚೀಲ

ನಮ್ಮ ಮುಂಬಾಗಿಲ ಪಕ್ಕ ಒಂದು ಕೆಂಪು ಚೀಲ ಇರುತ್ತದೆ. ಅಪಾಯ ಬಂದರೆ ಎತ್ತಿಕೊಳ್ಳುವ ಚೀಲ. ನೀರಿನ ಬಾಟಲಿ, ಟಾರ್ಚು, ಬ್ಯಾಟರಿ, ಅತ್ತೆಯ ಮಾತ್ರೆ, ಪುಟ್ಟ ರೇಡಿಯೊ, ಮೂರು ದಿನಕ್ಕಾಗುವಷ್ಟು ತಿಂಡಿ. ಬೇರೆಲ್ಲ ನಮ್ಮವರ ಜವಾಬ್ದಾರಿ, ತಿಂಡಿ ನನ್ನದು. ಬಿಸ್ಕತ್ತು ಸಾಕು ಎಂದರು. ಮನೆ ಬಿಟ್ಟು ಮೈದಾನದಲ್ಲಿ ಕೂತ ಹೊತ್ತಿನಲ್ಲಿ ಬಿಸ್ಕತ್ತು ತಿನ್ನುವಷ್ಟು ದುಃಖ ಯಾರಿಗೂ ಬೇಡ ಎಂದು ನಾನು ಚಕ್ಕುಲಿ, ಕೋಡುಬಳೆ, ಕೊಬ್ಬರಿ ಮಿಠಾಯಿ, ಒಗ್ಗರಣೆ ಅವಲಕ್ಕಿ, ಚಟ್ನಿಪುಡಿ ತುಂಬಿದೆ. ಪಕ್ಕದ ಬೇನ್ ತಮ್ಮ ಪಾಲಿಗೆ ಖಾಖ್ರಾ ಎಂಬ ಗರಿಗರಿ ರೊಟ್ಟಿಯ ಒಂದು ಕಟ್ಟು ಕೊಟ್ಟರು.

ಮಗಳನ್ನು ಕೊಟ್ಟಿರುವ ವಡೋದರಾದ ಬೀಗರು ಗುಜರಾತಿಗಳು, ಬಹಳ ಒಳ್ಳೆಯವರು. ಅವರದ್ದು ಒಂದೇ ಅಭ್ಯಾಸ. ಹೆದ್ದಾರಿಯಲ್ಲಿ ಗಾಡಿ ಹೊರಟ ಮೇಲೆ, "ಹೇಗೂ ಇಷ್ಟು ದೂರ ಬಂದಿದ್ದೇವೆ, ಬೀಗರನ್ನು ನೋಡಿಕೊಂಡು ಹೋಗೋಣ" ಅನ್ನಿಸಿಬಿಡುತ್ತದೆ. ಒಂದು ಮಧ್ಯಾಹ್ನ ಹಾಗೆಯೇ ಬಂದರು. ಮನೆಯಲ್ಲಿ ಡಬ್ಬಿಗಳೆಲ್ಲ ಖಾಲಿ. ಬೀಗರ ಮುಂದೆ ಬರೀ ಟೀ ಇಡುವುದುಂಟೇ? ಕಣ್ಣು ಬಾಗಿಲ ಪಕ್ಕಕ್ಕೆ ಹೋಯಿತು.

ತಿಂಗಳ ಮೊದಲ ಭಾನುವಾರ ನಮ್ಮವರು ಚೀಲ ತೆರೆದರು. ಕೈ ತಳ ಮುಟ್ಟಿತು.

"ಇದರಲ್ಲಿದ್ದ ಚಕ್ಕುಲಿ ಏನಾಯ್ತು?"

"ಭೂಕಂಪ ಬರಲಿಲ್ಲ, ಬೀಗರು ಬಂದ್ರು."

"ಇದು ತುರ್ತು ಪರಿಸ್ಥಿತಿಗೆ ಇಟ್ಟಿದ್ದು."

"ಹೆಣ್ಣು ಕೊಟ್ಟೋರ ಮನೇಲಿ ಡಬ್ಬಿ ಖಾಲಿ. ಇದಕ್ಕಿಂತ ತುರ್ತು ಯಾವುದ್ರೀ?"

ಅವರು ಯೋಚಿಸಿದರು. ಆಗಾಗ ಖಾಲಿಯಾದರೆ ಆಗಾಗ ತುಂಬುತ್ತೇವೆ, ತುಂಬಿದರೆ ತಿಂಡಿ ಹಳಸುವುದಿಲ್ಲ, ಹಾಗಾಗಿ ಬೀಗರು ಬರುವುದು ಸುರಕ್ಷತೆಯ ದೃಷ್ಟಿಯಿಂದ ಒಳ್ಳೆಯದೇ ಎಂದು ತೀರ್ಮಾನಿಸಿದರು. ಆಮೇಲೆ ಬೀಗರು ನಾಲ್ಕೈದು ಸಲ ಬಂದರು. ನಾನೂ ಮುಚ್ಚುಮರೆಯಿಲ್ಲದೆ ಅವರೆದುರಿಗೇ ಚೀಲ ಬಿಚ್ಚತೊಡಗಿದೆ. ಮೊನ್ನೆ ಮೊದಲ ಬಾರಿಗೆ ಬೀಗಿತ್ತಿ ಹೊರಡುವ ಮುಂಚೆ ಫೋನ್ ಮಾಡಿದರು: "ಬರ್ತಾ ಇದ್ದೇವೆ. ಅಡುಗೆ ಗಿಡುಗೆ ಅಂತ ತೊಂದರೆ ತಗೋಬೇಡಿ ಬೇನ್. ಚೀಲ ತುಂಬಿದೆ ತಾನೆ?"

ಶೆಟ್ಟರು ಮಲಗಿದ್ದು

ನವರಾತ್ರಿಯಲ್ಲಿ ಈ ಊರಿನವರು ಗರ್ಬಾ ಆಡುತ್ತಾರೆ, ಮೈಸೂರಿನವರು ಗೊಂಬೆ ಕೂರಿಸುತ್ತಾರೆ. ಅತ್ತೆ ತಮ್ಮ ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆಗಳನ್ನು, ಮರದ ರಾಜ ರಾಣಿಯನ್ನು, ಮಡಿಲಲ್ಲಿಟ್ಟುಕೊಂಡೇ ರೈಲಿನಲ್ಲಿ ತಂದಿದ್ದರು. ಹಜಾರದಲ್ಲಿ ಮೆಟ್ಟಿಲು ಕಟ್ಟಿದೆವು. ಮೇಲಿನ ಹಲಗೆಯಲ್ಲಿ ರಾಜ ರಾಣಿ, ಪಕ್ಕದಲ್ಲೇ ಅಂಗಡಿ ಇಟ್ಟುಕೊಂಡ ಶೆಟ್ಟರು ಮತ್ತು ಶೆಟ್ಟಮ್ಮ, ಅಂಬಾರಿಯ ಆನೆ.

"ಇಷ್ಟು ಎತ್ತರದಲ್ಲಿ ಹೀಗೆ ಸುಮ್ನೆ ನಿಲ್ಸೋದಾ?" ಎಂದು ನಮ್ಮವರು ಎದೆ ಹಿಡಿದುಕೊಂಡರು. ನಾವು ಅಡುಗೆಮನೆಯಲ್ಲಿದ್ದಾಗ ಕಾರಿನ ಹೊರಮೈಗೆ ಪಟ್ಟಿ ಅಂಟಿಸುವ ಟೇಪು ತಂದು ಒಂದೊಂದು ಗೊಂಬೆಯ ಕಾಲಡಿಗೂ ಹಾಕಿ ಹಲಗೆಗೆ ಒತ್ತಿಬಿಟ್ಟರು. ಶೆಟ್ಟರ ಅಂಗಡಿಯ ಬೇಳೆ ಬಟ್ಟಲುಗಳನ್ನೂ ಬಿಡಲಿಲ್ಲ. ಕೆಳಗೆ ಇಡೀ ಸೊಸೈಟಿ, ಅಂದರೆ ಕಟ್ಟಡದವರೆಲ್ಲ, ಗರ್ಬಾ ಆಡಿ ಕಿಟಕಿ ಗಾಜು ಗುಂಯ್‌ಗುಟ್ಟಿದರೂ ನಮ್ಮ ರಾಜ ಕಮಕ್ ಕಿಮಕ್ ಎನ್ನಲಿಲ್ಲ. ಆರತಿಗೆ ಬಂದವರಿಗೆಲ್ಲ ಅತ್ತೆ, "ಮುಟ್ಟಿ ನೋಡಿ, ನನ್ನ ಮಗ ನಿಲ್ಸಿರೋದು" ಎಂದು ತೋರಿಸಿದ್ದೇ ತೋರಿಸಿದ್ದು.

ಆದರೆ ವಿಜಯದಶಮಿ ಬಂತು. ಹಬ್ಬ ಮುಗಿದಾಗ ರಾಜ ರಾಣಿಯನ್ನು ಮಲಗಿಸಿ ಜೋಗುಳ ಹೇಳುವುದು ಪದ್ಧತಿ. ಮಲಗಿಸದೆ ಪೆಟ್ಟಿಗೆಗೆ ಸೇರಿಸುವ ಹಾಗಿಲ್ಲ. ಅತ್ತೆ ಎತ್ತಿದರು, ಬರಲಿಲ್ಲ. ನಾನು ಎತ್ತಿದೆ, ಬರಲಿಲ್ಲ. ನಮ್ಮವರು ಎಳೆಯಲು ಹೋದಾಗ ರಾಣಿಯ ಕಾಲು ಲಟಕ್ ಎಂದ ಹಾಗಾಗಿ ಅತ್ತೆ ಅವರ ಕೈ ಹಿಡಿದುಕೊಂಡರು.

"ಮೈಸೂರು ಅರಮನೇಲೂ ರಾಜರು ಹೊತ್ತಾದ್ರೆ ಮಲಗ್ತಿದ್ರು ಕಣೋ. ನಿನ್ನ ರಾಜ್ಯದಲ್ಲಿ ಅವರಿಗೂ ನಿದ್ದೆ ಇಲ್ವಲ್ಲೋ."

ಕೊನೆಗೆ ನಾವು ಮೂವರೂ ಹಿಡಿದು ಹಲಗೆಯನ್ನೇ ಎತ್ತಿ, ಒಟ್ಟಿಗೆ ಹಾಸಿಗೆಯ ಮೇಲೆ ಒರಗಿಸಿದೆವು. ಅತ್ತೆ ಬಗ್ಗಿ ನೋಡಿ ಜೋಗುಳ ಶುರುಮಾಡುವ ಮೊದಲು ಹೇಳಿದರು: "ಇಷ್ಟು ವರ್ಷದಲ್ಲಿ ಇದೇ ಮೊದಲು. ಶೆಟ್ರು ಅಂಗಡಿ ಸಮೇತ ಮಲಗಿದಾರೆ."

ಮಡಿ ದಿಂಬು

ಮನೆ ಗಟ್ಟಿಯಾಯಿತು. ಇನ್ನು ಅತ್ತೆಗೆ ಪಾಠ. ಮೇಜಿನ ಕೆಳಗೆ ನುಸುಳಲು ಅವರ ಮಂಡಿ ಬಿಡುವುದಿಲ್ಲ. ಆದ್ದರಿಂದ ನೆಲ ನಡುಗಿದ ಕೂಡಲೇ ಕೂತಲ್ಲೇ ಬಗ್ಗಿ, ದಿಂಬನ್ನು ತಲೆಯ ಮೇಲೆ ಹಿಡಿದುಕೊಳ್ಳಬೇಕು ಎಂದು ನಮ್ಮವರು ತೋರಿಸಿಕೊಟ್ಟರು. ಅತ್ತೆ ಗಮನವಿಟ್ಟು ಕೇಳಿದರು.

"ಬೆಳಿಗ್ಗೆ ಹೊತ್ತು ಬಂದ್ರೆ?"

"ಆಗ್ಲೂ ಇಷ್ಟೇ ಅಮ್ಮ."

"ಬೆಳಿಗ್ಗೆ ನಾನು ಮಡೀಲಿರ್ತೀನಲ್ಲೋ. ಹಾಸಿಗೆ ದಿಂಬು ಮುಟ್ಟಿದ್ರೆ ಮತ್ತೆ ಸ್ನಾನ ಆಗ್ಬೇಕು."

"ಜೀವ ಉಳಿದ್ಮೇಲೆ ಸ್ನಾನ ಮಾಡಮ್ಮ."

"ಭೂಕಂಪ ಆದ್ರೆ ಪೈಪು ಒಡೆಯತ್ತೆ, ನಲ್ಲೀಲಿ ನೀರು ಬರಲ್ಲ ಅಂತ ನೀನೇ ಮೊನ್ನೆ ಹೇಳ್ದೆ."

ದೇಶದ ಉಪಗ್ರಹಗಳಿಗೆ ಉತ್ತರ ಹುಡುಕಿದ ಮನುಷ್ಯ ಇದಕ್ಕೂ ಉತ್ತರ ಹುಡುಕಲು ಕೂತರು. ಎರಡು ದಿನ ಯೋಚಿಸಿ ಕಂಡುಕೊಂಡರು. ಉಣ್ಣೆಗೂ ರೇಷ್ಮೆಗೂ ಮೈಲಿಗೆ ಇಲ್ಲ. ಒಳಗೆ ಕಂಬಳಿ ಮಡಿಸಿ ತುಂಬಿ, ಮೇಲೆ ನನ್ನ ಹಳೆಯ ರೇಷ್ಮೆ ಸೀರೆಯ ಹೊದಿಕೆ ಹಾಕಿ ದಿಂಬು ಹೊಲಿದರು. ಅತ್ತೆ ಅದನ್ನು ತಲೆಯ ಮೇಲಿಟ್ಟುಕೊಂಡು ಕನ್ನಡಿ ನೋಡಿಕೊಂಡರು. ಜರಿ ಅಂಚು ಹಣೆಯ ಮೇಲೆ ಬರುವಂತೆ ತಿರುಗಿಸಿದ ಮೇಲೆ ಒಪ್ಪಿಗೆಯಾಯಿತು.

ಇಲ್ಲಿನ ವೈಷ್ಣವ ಅಜ್ಜಿಯರಿಗೂ ನಮ್ಮ ಮಡಿಯಂಥ ಪದ್ಧತಿಯೇ ಇದೆ. ಸತ್ಸಂಗದಲ್ಲಿ ಅತ್ತೆ ದಿಂಬು ತೋರಿಸಿ ಬಂದರು. ಆಮೇಲೆ ಒಂದಿಡೀ ತಿಂಗಳು ನಮ್ಮ ವಿಜ್ಞಾನಿಗಳು ಸಂಜೆ ಆಫೀಸಿನಿಂದ ಬಂದು, ಕಾಫಿ ಕುಡಿದು, ದಿಂಬು ಹೊಲಿದರು.

ಕಟ್ಟಡ ಅಲ್ಲಾಡಿದ ದಿನ

ಇಷ್ಟು ಹೆಸರು ಬಂದ ಮೇಲೆ ಸೊಸೈಟಿಯ ಚೇರ್ಮನ್, ಬಟ್ಟೆ ವ್ಯಾಪಾರದ ಹಿರಿಯರು, ಮನೆಗೆ ಬಂದು ಕೇಳಿಕೊಂಡರು. ಇಡೀ ಕಟ್ಟಡಕ್ಕೆ ಒಂದು ಮಾಕ್ ಡ್ರಿಲ್ ಮಾಡಿಸಿಕೊಡಬೇಕು. ಭಾನುವಾರ ಬೆಳಿಗ್ಗೆ ಎಂದು ನಿಗದಿಯಾಯಿತು. ನಮ್ಮವರು ಕೆಳಗೆ ಅಂಗಳದಲ್ಲಿ ನಿಂತು ತಂತಿಯಿಲ್ಲದ ಮೈಕಿನಲ್ಲಿ "ಭೂಕಂಪ" ಎಂದು ಕೂಗುವುದು. ಎಲ್ಲರೂ ಅವರವರ ಮನೆಯಲ್ಲಿ ಮೇಜಿನ ಕೆಳಗೆ. ಸೀಟಿ ಊದಿದ ಮೇಲೆ ಗ್ಯಾಸ್ ಆರಿಸಿ, ಲಿಫ್ಟ್ ಮುಟ್ಟದೆ, ಮೆಟ್ಟಿಲಿಳಿದು ಬರುವುದು. ಅತ್ತೆ ಮೇಲೆಯೇ ಇರಬೇಕು, ಪಕ್ಕದ ಬೇನ್ ಅವರ ಜೊತೆಗಿರಬೇಕು.

ಮೈಕಿನ ಕೂಗು ಕೇಳಿತು. ನಾನು ಮೇಜಿನ ಕೆಳಗೆ ಹೋದೆ, ಬೇನ್ ನನ್ನ ಪಕ್ಕ. ಅತ್ತೆ ದೇವರ ಮನೆಯ ಹತ್ತಿರ ಕುರ್ಚಿಯಲ್ಲಿ ಬಗ್ಗಿ, ತಲೆಯ ಮೇಲೆ ಜರಿ ದಿಂಬು. ಅಷ್ಟರಲ್ಲಿ ನೆಲ ಒಂದು ಸಲ ಜುಂ ಎಂದಿತು. ಫ್ಯಾನು ತೂಗಿತು, ದೇವರ ಮುಂದಿನ ಗಂಟೆ ತಾನಾಗಿ ಕಿಣಿಕಿಣಿ ಎಂದಿತು, ಸ್ವಲ್ಪ ಹೊತ್ತಿಗೆ ಎಲ್ಲ ನಿಂತಿತು.

"ಭಾಯಿ ಏನು ಏರ್ಪಾಡು ಮಾಡಿದ್ದಾರೆ" ಎಂದು ಬೇನ್ ಮೆಚ್ಚಿದರು. ನಿಜ ಹೇಳುತ್ತೇನೆ, ನಾನೂ ಹಾಗೆಯೇ ಅಂದುಕೊಂಡೆ. ಮನೆಯಲ್ಲಿ ಇಷ್ಟೆಲ್ಲ ನೋಡಿದ ಮೇಲೆ ಇವರು ಎಲ್ಲೋ ಒಂದು ಯಂತ್ರ ತಂದು ಕಂಬಕ್ಕೆ ಕಟ್ಟಿರುತ್ತಾರೆ ಅನ್ನಿಸುವುದರಲ್ಲಿ ಆಶ್ಚರ್ಯವೇನು? ಸೀಟಿ ಕೇಳಿತು, ಇಳಿದು ಹೋದೆ.

ಅಂಗಳದಲ್ಲಿ ಒಬ್ಬರೂ ನೂಕುನುಗ್ಗಲು ಮಾಡಲಿಲ್ಲ. ಮದುವೆ ಮನೆಯಿಂದ ಬರುವಂತೆ ನಗುನಗುತ್ತಾ ಬಂದು ಸಾಲಾಗಿ ನಿಂತರು. ಹತ್ತನೇ ಮಹಡಿಯ ಚೇರ್ಮನ್ ನಮ್ಮವರ ಕೈ ಹಿಡಿದು ಕುಲುಕಿದರು. "ಸಾಹೇಬ್, ನಮ್ಮ ದೀಪದ ಗೊಂಚಲು ಹೀಗೆ ಹೀಗೆ ತೂಗಿತು. ಹೇಗೆ ಮಾಡಿದಿರಿ?"

ನೆಲದ ಮೇಲೆ ನಿಂತವರಿಗೆ ಸಣ್ಣ ಕಂಪನ ತಿಳಿಯುವುದಿಲ್ಲವಂತೆ, ಮೇಲಿನವರಿಗೇ ಹೆಚ್ಚು. ನಮ್ಮವರಿಗೆ ಏನೂ ಗೊತ್ತಾಗಿರಲಿಲ್ಲ. "ನಾನೇನೂ ಮಾಡಲಿಲ್ಲ" ಎಂದರು.

"ದೊಡ್ಡವರು ಯಾವಾಗಲೂ ಹೀಗೇ ಹೇಳುವುದು" ಎಂದು ಚೇರ್ಮನ್ ಎಲ್ಲರ ಕಡೆ ತಿರುಗಿದರು. ಚಪ್ಪಾಳೆ ಬಿತ್ತು.

ಅದೇ ಹೊತ್ತಿಗೆ ನಮ್ಮವರ ಫೋನು ಬಡಿದುಕೊಂಡಿತು. ಸಹೋದ್ಯೋಗಿ. ಪಕ್ಕದಲ್ಲಿದ್ದ ನನಗೂ ಕೇಳಿತು: "ಈಗ ಸಣ್ಣಗೆ ನಡುಗಿತಲ್ಲ, ಗೊತ್ತಾಯ್ತಾ?" ಅವರ ಮುಖ ಬಿಳುಚಿತು. ಅಷ್ಟು ಜನರಲ್ಲಿ ಗಾಬರಿಯಾದದ್ದು ಅವರೊಬ್ಬರೇ. ಯಾರೂ ಓಡಬಾರದು ಎಂದು ಅರ್ಧ ಗಂಟೆ ಮೈಕಿನಲ್ಲಿ ಹೇಳಿದ ಮನುಷ್ಯ, ಮೈಕು ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಓಡಿದರು. "ಅಮ್ಮಾ" ಎಂದು ಅವರು ಏದುಸಿರು ಬಿಡುತ್ತಿದ್ದುದು ಅದೇ ಮೈಕಿನಲ್ಲಿ ಒಂದೊಂದು ಮಹಡಿಗೂ ಕೇಳಿತು. ನಾನು ಹಿಂದೆಯೇ ಓಡಿದೆ.

ಮನೆಯಲ್ಲಿ ಬೀರು ನಿಂತಲ್ಲೇ ನಿಂತಿತ್ತು. ಕಪಾಟಿನಿಂದ ಒಂದು ಪುಸ್ತಕ ಜಾರಿರಲಿಲ್ಲ. ಅತ್ತೆ ಫೋನಿನಲ್ಲಿ ಯಾರಿಗೋ ಕಾಯುತ್ತಾ ಕೂತಿದ್ದರು. ನಮ್ಮವರು ಅವರ ಕಾಲ ಬಳಿ ಕುಸಿದು, "ಏನೂ ಆಗ್ಲಿಲ್ವಾ ಅಮ್ಮ?" ಎಂದು ಮಂಡಿ ಹಿಡಿದುಕೊಂಡರು. ಕಣ್ಣಲ್ಲಿ ನೀರು.

"ನಂಗೇನಾಗತ್ತೆ? ನೀನೇ ಕೆಳಗಿದ್ಯಲ್ಲೋ" ಎಂದರು ಅತ್ತೆ.

"ಅದು ನಾನಲ್ಲಮ್ಮ. ನಿಜವಾದ ಭೂಕಂಪ."

"ಸರಿ ಸರಿ, ಏಳು" ಎಂದು ಅತ್ತೆ ಅವರ ತಲೆ ಸವರಿದರು. ನಂಬಲಿಲ್ಲ ಎಂದು ಮುಖದಲ್ಲೇ ಗೊತ್ತಾಗುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಆ ಮನೆಯನ್ನೂ ಆ ಮನುಷ್ಯನನ್ನೂ ನೋಡಿದೆ. ಅಲ್ಲಾಡಿಸಿ ನೋಡುವವರನ್ನು ಕಟ್ಟಿಕೊಂಡದ್ದಕ್ಕೆ ಅವತ್ತಿನಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ.

ಅಷ್ಟರಲ್ಲಿ ಫೋನಿನ ಲೈನು ಸಿಕ್ಕಿತು. ಆ ಕಡೆ ಅತ್ತೆಯ ಮೈಸೂರಿನ ತಂಗಿ. ತಂಗಿಯ ಮಗ ಕಟ್ಟಡ ಕಟ್ಟಿಸುವ ಕಂಟ್ರಾಕ್ಟರ್, ಆ ಹಿರಿಮೆ ಕೇಳಿ ಕೇಳಿ ಅತ್ತೆಗೆ ಸಾಕಾಗಿತ್ತು. ಅವತ್ತು ಅವರ ಸರದಿ. ನಮ್ಮವರು "ಅಮ್ಮ, ಬೇಡ" ಎನ್ನುತ್ತಿದ್ದರೂ ದಿಂಬು ಸರಿಪಡಿಸಿಕೊಂಡು ಹೇಳಿದರು:

"ನಿನ್ನ ಮಗ ಹತ್ತು ಮಹಡಿ ಕಟ್ಟಿಸ್ದ ಅಂತಿದ್ಯಲ್ಲೇ, ಕಟ್ಟಿಸ್ಲಿ ಬಿಡು, ಸಂತೋಷ. ನನ್ನ ಮಗ ಈಗ ತಾನೇ ಹತ್ತು ಮಹಡೀನೂ ಅಲ್ಲಾಡ್ಸಿ, ಒಂದು ಲೋಟ ಬೀಳ್ಸದೆ, ಇದ್ದ ಜಾಗದಲ್ಲೇ ವಾಪಸ್ ನಿಲ್ಸಿದಾನೆ."